ನೀಲಿ ಜಾಕೆಟ್ಟಿನ ಗುಯಿಹ್ವಾ

ವೇದವಲ್ಲಿಗೆ ತಿಳಿದ ಮಟ್ಟಿಗೆ ಫಾನ್ ಗುಯಿಹ್ವಾ ತನ್ನ ನಲವತ್ತೇಳು ವರ್ಷಗಳಲ್ಲಿ ಆಡಿದ್ದು ಒಂದೇ ಸುಳ್ಳು. ಅದನ್ನೂ ಬಾಯಿಬಿಟ್ಟು ಆಡಲಿಲ್ಲ, ಮೈಮೇಲೆ ತೊಟ್ಟುಕೊಂಡಳು. ತೊಡಿಸಿದವಳು ವೇದವಲ್ಲಿಯೇ.

ಜಪಾನಿನ ಸಗಮಿಹಾರಾದ ಬಾಹ್ಯಾಕಾಶ ಸಂಶೋಧನಾ ಕೇಂದ್ರದಿಂದ ಹತ್ತು ನಿಮಿಷ ನಡೆದರೆ, ಹೊರದೇಶದ ಸಂಶೋಧಕರು ಬಾಡಿಗೆಗೆ ಇರುವ ಮೂರಂತಸ್ತಿನ ಕಟ್ಟಡವೊಂದು ಸಿಗುತ್ತದೆ. ಅದರ ಮೆಟ್ಟಿಲು, ಓಣಿ, ಕೆಳಗಿನ ಶೌಚಾಲಯ, ಕಸದ ಕೋಣೆ ಎಲ್ಲವೂ ಗುಯಿಹ್ವಾಳ ಪಾಲು. ಹಸಿರು ಏಪ್ರನ್, ಹಸಿರು ಟೋಪಿ, ಕೈಯಲ್ಲಿ ನೆಲ ಒರೆಸುವ ಕೋಲು. ಎರಡನೇ ಮಹಡಿಯಲ್ಲಿ ವೇದವಲ್ಲಿಯ ಮನೆ. ಉಪಗ್ರಹದ ಯಾವ ಭಾಗ ಎಷ್ಟು ಕಾಯುತ್ತದೆ, ಎಷ್ಟು ಹೆಪ್ಪುಗಟ್ಟುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಗಂಡ ರಮಾಕಾಂತನಿಗೆ ಟೋಕಿಯೊದ ಮಿನಾಟೋದಲ್ಲಿ ಆಫೀಸು. ಕೊರೊನಾ ಬಂದ ಮೇಲೆ ಆಫೀಸು ಊಟದ ಮೇಜಿಗೇ ಬಂದು ಕೂತಿತ್ತು.

ವೇದವಲ್ಲಿ, ಗುಯಿಹ್ವಾ ಇಬ್ಬರನ್ನೂ ಹತ್ತಿರ ತಂದದ್ದು ಖಾರ. ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಒಂದು ದಿನ ವೇದವಲ್ಲಿ ಕೆಂಪುಮೆಣಸಿನಕಾಯಿ ಹುರಿದಳು. ಘಾಟಿಗೆ ಪಕ್ಕದ ಮನೆಯವರು ಕೆಮ್ಮಿದರು. ಓಣಿ ಒರೆಸುತ್ತಿದ್ದ ಗುಯಿಹ್ವಾ ಮಾತ್ರ ಮಾಸ್ಕ್ ಕೆಳಗಿಳಿಸಿ, ಮೂಗರಳಿಸಿ ನಿಂತುಬಿಟ್ಟಳು. ಮರುದಿನ ಬಾಗಿಲ ಹಿಡಿಕೆಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಬಾಟಲಿಯಲ್ಲಿ ಗುಯಿಹ್ವಾಳ ಊರಿನ ಮೆಣಸಿನ ಉಪ್ಪಿನಕಾಯಿ. ವೇದವಲ್ಲಿ ಚಟ್ನಿಪುಡಿ ತುಂಬಿ ಬಾಟಲಿ ಹಿಂದಿರುಗಿಸಿದಳು. ಆಮೇಲೆ ಅರೆಬರೆ ಜಪಾನಿಯಲ್ಲಿ ಮಾತು ಬೆಳೆಯಿತು.

ಗುಯಿಹ್ವಾಳ ಊರು ಚೀನಾದ ಗುಯ್‌ಝೌ ಪ್ರಾಂತ್ಯದ ಗುಡ್ಡಗಳ ನಡುವೆ. ಅಪ್ಪ ಕಲ್ಲಿದ್ದಲು ಗಣಿಯ ಧೂಳು ಕುಡಿದು ಕುಡಿದು, ಮಲಗಿದರೆ ಉಸಿರಾಡಲಾರದೆ, ಕೂತೇ ಸತ್ತ. ಇಪ್ಪತ್ತೊಂಬತ್ತಕ್ಕೆ ಅವಳು ಬಟ್ಟೆ ಹೊಲಿಯುವ ಕೆಲಸ ಕಲಿಯಲು ಎಂದು ಜಪಾನಿಗೆ ಬಂದಳು. ಮೂರು ವರ್ಷ ಒಂದೇ ಷರಟಿನ ಎಡತೋಳು ಹೊಲಿದಳು. ಬಲತೋಳು ಹೊಲಿಯುವವಳು ಬೇರೆ. ಅನಂತರ ಸಗಮಿಹಾರಾದ ಲಾರಿ ಚಾಲಕನೊಬ್ಬನನ್ನು ಮದುವೆಯಾದಳು. ಒಳ್ಳೆಯವನು, ಮಾತು ಕಡಿಮೆ. ಹೃದಯ ನಿಂತು ಹೋದಾಗಲೂ ಏನೂ ಹೇಳದೆ ಹೋದ. ಮಕ್ಕಳಿಲ್ಲ. ಊರಿನಲ್ಲಿ ಉಳಿದವಳು ತಾಯಿ ಒಬ್ಬಳೇ. ಎಪ್ಪತ್ತಮೂರು ವರ್ಷ, ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮ್ಮ ಕಡೆಯ ಬಿಪಿಎಲ್ ಕಾರ್ಡಿನಂಥ ಒಂದು ಕಾರ್ಡನ್ನು ಆ ಮನೆಯ ಬಾಗಿಲಿಗೆ ಅಂಟಿಸಿದ್ದರು. ಅದಿದ್ದರೆ ಚಿಕಿತ್ಸೆಯೂ ಹೋಗಿಬರುವ ವ್ಯಾನೂ ಸರ್ಕಾರದ್ದು. ಮಗಳು ಕಳಿಸುವ ಹಣ ಊಟಕ್ಕೆ, ಔಷಧಿಗೆ ಸರಿಹೋಗುತ್ತಿತ್ತು. ಅಂದರೆ ಆ ಮುದುಕಿಯ ಉಸಿರು ಬಾಗಿಲ ಮೇಲಿನ ಕಾರ್ಡಿನಲ್ಲಿತ್ತು.

ಮರುವರ್ಷದ ಏಪ್ರಿಲ್‌ನಲ್ಲಿ ಚೆರ್ರಿ ಅರಳಿತು. ಸಂಶೋಧನಾ ಕೇಂದ್ರದ ಅಂಗಳದಲ್ಲಿ ಬಿಳಿಯ ದೊಡ್ಡದೊಂದು ರಾಕೆಟ್ಟನ್ನು ನೋಡುವವರಿಗಾಗಿ ಮಲಗಿಸಿದ್ದಾರೆ. ಕೆಲಸ ಮುಗಿಸಿ ಬರುತ್ತಿದ್ದ ವೇದವಲ್ಲಿ ಅಲ್ಲಿ ಗುಯಿಹ್ವಾಳನ್ನು ಕಂಡಳು.

“ವೇದ-ಸಾನ್, ಒಂದು ಫೋಟೊ ತೆಗೀತೀರಾ? ಅಮ್ಮನಿಗೆ ಹೂವು ತೋರಿಸಬೇಕು.”

ಅವಳು ನಿಂತಳು. ನಿಂತವಳು ತನ್ನ ಹಸಿರು ಏಪ್ರನ್ ನೋಡಿಕೊಂಡು ಅದನ್ನು ಕಳಚಿದಳು. ಒಳಗಿನ ಸ್ವೆಟರಿನ ಮೊಣಕೈ ಹರಿದಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡಳು. ವೇದವಲ್ಲಿ ಅದನ್ನು ನೋಡಿದಳು. ಇಂಜಿನಿಯರುಗಳೆಲ್ಲ ತೊಡುವ ತನ್ನ ನೀಲಿ ಜಾಕೆಟ್ಟನ್ನು, ಎದೆಯ ಮೇಲೆ ಕೇಂದ್ರದ ಹೆಸರಿದ್ದದ್ದನ್ನು, ಬಿಚ್ಚಿ ಕೊಟ್ಟಳು. “ಹಾಕ್ಕೊಳ್ಳಿ, ಚಳಿ ಇದೆ.”

ಚಳಿ ಅಷ್ಟೇನೂ ಇರಲಿಲ್ಲ.

ಗುಯಿಹ್ವಾ ಮಾಸ್ಕ್ ತೆಗೆದು ನಕ್ಕಳು. ಫೋಟೊ ಚೆನ್ನಾಗಿ ಬಂತು.

ತಾಯಿ ಆ ಫೋಟೊವನ್ನು ಆಸ್ಪತ್ರೆಯ ವ್ಯಾನಿನಲ್ಲಿ ಪಕ್ಕದವಳಿಗೆ ತೋರಿಸಿದಳು. ಪಕ್ಕದವಳ ಮಗ ಊರಿನ ಮೊಬೈಲ್ ಗುಂಪಿಗೆ ಹಾಕಿದ. ಸಂಜೆಯೊಳಗೆ ನೂರಾರು ಹೆಬ್ಬೆರಳು ಎದ್ದವು. “ನಮ್ಮ ಫಾನ್ ಮನೆಯ ಹುಡುಗಿ ಜಪಾನಿಯರಿಗೆ ರಾಕೆಟ್ ಮಾಡಿಕೊಡ್ತಾಳೆ!” ಹೈಸ್ಕೂಲು ದಾಟದ ಗುಯಿಹ್ವಾ ಅದನ್ನು ಮೂರು ದಿನ ಓದಿದಳು, ಮತ್ತೆ ಮತ್ತೆ ಓದಿದಳು. ಅಲ್ಲ ಎಂದು ಬರೆಯಲು ಬೆರಳು ಬರಲಿಲ್ಲ. ಮೂರು ದಿನ ಸುಮ್ಮನಿದ್ದವಳಿಗೆ ನಾಲ್ಕನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು.

ಮೇ ತಿಂಗಳಲ್ಲಿ ಚೀನಾದ ಗಾಡಿಯೊಂದು ಮಂಗಳ ಗ್ರಹದ ಮೇಲೆ ಇಳಿಯಿತು. ಗುಯಿಹ್ವಾ ಮೆಟ್ಟಿಲು ಒರೆಸುವುದನ್ನು ಬಿಟ್ಟು ಓಡಿಬಂದು ವೇದವಲ್ಲಿಯ ಬಾಗಿಲು ಬಡಿದಳು. “ನೋಡಿ, ನಮ್ಮದು!” ಕಣ್ಣಲ್ಲಿ ನೀರು. ವೇದವಲ್ಲಿ ನಗಲಿಲ್ಲ. ಎರಡು ವರ್ಷದ ಹಿಂದೆ ಚಂದ್ರನ ಮೇಲೆ ಇಳಿಯಬೇಕಿದ್ದ ನಮ್ಮ ನೌಕೆಯ ಸಂಪರ್ಕ ಕಡಿದಾಗ ತಾನು ಇದೇ ಬಾಗಿಲಿಗೆ ಒರಗಿ ಅತ್ತದ್ದು ಅವಳಿಗೆ ನೆನಪಿತ್ತು.

ಅವಳಿಗೆ ಇನ್ನೊಂದೂ ನೆನಪಿತ್ತು. ಹಿರಿಯೂರಿನ ಕಡೆಯ ಅವಳ ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ‘ನಮ್ಮೂರ ಹೆಮ್ಮೆ’ ಎಂದು ಅವಳದೊಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವಳ ಮುಖ ನಿಂಬೆಹಣ್ಣಿನಷ್ಟು, ಮುಖಂಡರ ಮುಖ ಕುಂಬಳಕಾಯಿಯಷ್ಟು. ಅದರ ಹಿಂದಿನ ಅಂಗನವಾಡಿಯ ನಲ್ಲಿಯಲ್ಲಿ ನೀರು ಬಂದು ವರ್ಷವಾಗಿತ್ತು. ಹೇಗಾಗುತ್ತದೆಂದು ಗೊತ್ತಿದ್ದೂ ಜಾಕೆಟ್ ಕೊಟ್ಟೆನಲ್ಲ ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಗುಯಿಹ್ವಾಳ ತಾಲ್ಲೂಕಿನ ಆಡಳಿತಕ್ಕೆ ಉತ್ಸಾಹ ಬಂದಿತ್ತು. ಬಡತನ ಪೂರ್ತಿ ಅಳಿಯಿತು ಎಂದು ಬೀಜಿಂಗ್ ಆ ವರ್ಷದ ಮೊದಲಲ್ಲೇ ಸಾರಿತ್ತು. ಜುಲೈನಲ್ಲಿ ಕಮ್ಯುನಿಸ್ಟ್ ಪಕ್ಷದ ನೂರನೇ ಹುಟ್ಟುಹಬ್ಬ. ದೊಡ್ಡವರು ನೋಡಲು ಬರುತ್ತಾರೆಂದು ಚೌಕದಲ್ಲಿ ಸಿಮೆಂಟಿನ ರಾಕೆಟ್ ಎದ್ದಿತು, ಆಸ್ಪತ್ರೆಗಿಂತ ನಾಲ್ಕು ಪಟ್ಟು ಎತ್ತರ, ಸುತ್ತ ಕೆಂಪು ದೀಪ. ಬುಡದಲ್ಲಿ ಅಮೃತಶಿಲೆಯ ಗೌರವ ಭವನ. ದಾರಿಯುದ್ದಕ್ಕೂ ಮನೆಗಳ ಗೋಡೆಗೆ ಬಿಳಿ ಬಣ್ಣ ಬಳಿದರು. ರಸ್ತೆಗೆ ಕಾಣುವ ಗೋಡೆಗೆ ಮಾತ್ರ. ಗುಯಿಹ್ವಾ ಇದರ ವಿಡಿಯೊ ತೋರಿಸುವಾಗ ಹೆಮ್ಮೆಯಿಂದಲೇ ತೋರಿಸಿದಳು. ಭವನದ ಒಳಗೋಡೆಯಲ್ಲಿ ಆಳೆತ್ತರಕ್ಕೆ ಹಿಗ್ಗಿಸಿದ ಫೋಟೊ ಬಂದಾಗ ಮಾತ್ರ ಅಲ್ಲಿಗೇ ವಿಡಿಯೊ ನಿಲ್ಲಿಸಿದಳು. ನೀಲಿ ಜಾಕೆಟ್, ಬಿಳಿ ರಾಕೆಟ್, ಚೆರ್ರಿ ಹೂವು. ಕೆಳಗೆ ‘ವಿಜ್ಞಾನಿ ಫಾನ್ ಗುಯಿಹ್ವಾ’.

ಜೂನ್ ಕೊನೆಗೆ ಇಬ್ಬರು ಅಧಿಕಾರಿಗಳು ತಾಯಿಯ ಮನೆಗೆ ಹೋದರು. ಹಣ್ಣಿನ ಬುಟ್ಟಿ ಕೊಟ್ಟರು, ಕೈಮುಗಿದರು, ವಿಜ್ಞಾನಿಯ ತಾಯಿಯ ಜೊತೆ ಫೋಟೊ ತೆಗೆಸಿಕೊಂಡರು. ಹೊರಡುವಾಗ ಬಾಗಿಲ ಮೇಲಿನ ಕಾರ್ಡನ್ನು ಮೆಲ್ಲನೆ ಕಿತ್ತುಕೊಂಡು ಹೋದರು. ಅಂಥ ಮಗಳಿರುವ ಮನೆ ಬಡವರದ್ದು ಹೇಗಾದೀತು?

ಅಂದಿನಿಂದ ಡಯಾಲಿಸಿಸ್ ವಾರಕ್ಕೆ ಒಂದೇ ಸಲ. ಇನ್ನೊಂದು ಸಲಕ್ಕೆ ಗುಯಿಹ್ವಾಳ ದುಡಿಮೆ ಸಾಲುತ್ತಿರಲಿಲ್ಲ. ಕೊರೊನಾದಿಂದ ಅವಳ ಇನ್ನೊಂದು ಕಡೆಯ ಕೆಲಸ, ಹೋಟೆಲಿನದು, ಆಗಲೇ ಹೋಗಿತ್ತು.

ಆ ವಾರ ಊಟದ ಮೇಜಿನ ಬಳಿ ಮಾತಾಯಿತು.

“ನಾವು ಕೊಡೋಣ ರೀ,” ಎಂದಳು ವೇದವಲ್ಲಿ.

“ಒಂದೆರಡು ತಿಂಗ್ಳು ಓಕೆ. ಆಮೇಲೆ? ಅದು ಲೈಫ್‌ಲಾಂಗ್ ಟ್ರೀಟ್‌ಮೆಂಟ್ ಕಣೇ,” ಎಂದ ರಮಾಕಾಂತ. “ಕಾರ್ಡ್ ವಾಪಸ್ ತಗೊಳ್ಳೋದೇ ಪರ್ಮನೆಂಟ್ ಸೊಲ್ಯೂಷನ್. ಸಿಂಪಲ್ ಆಗಿ ನಿಜ ಹೇಳ್ಬಿಡ್ಲಿ.”

“ಸಿಂಪಲ್ಲಾ? ನಿಮ್ಮಮ್ಮನಿಗೆ ನಿಮ್ಮ ಪ್ರಮೋಷನ್ ಸುದ್ದಿ ಸುಳ್ಳು ಅಂತ ಹೇಳಿದ್ದೀರಾ ಇನ್ನೂ?”

“ಅದು ಬೇರೆ ವಿಷ್ಯ,” ಎಂದು ಅವನು ಹೆಡ್‌ಫೋನ್ ಹಾಕಿಕೊಂಡ.

ಹಣ ಕೊಡುತ್ತೇನೆಂದಾಗ ಗುಯಿಹ್ವಾ ತಲೆಬಾಗಿಸಿ ನಿರಾಕರಿಸಿದಳು. “ಮುಖ ಉಳಿಸಿಕೊಳ್ಳೋಕೆ ಹೋಗಿ ಅಮ್ಮನ್ನ ಕೊಲ್ತಾ ಇದೀನಿ. ಮತ್ತೆ ನಿಮ್ಮ ಹತ್ರ ಕೈಯೊಡ್ಡಿ ಇನ್ನೆಷ್ಟು ದಿನ ಆ ಮುಖ ಉಳಿಸ್ಕೊಳ್ಲಿ?”

“ನಮ್ಮ ಕಡೆ ಒಂದು ಗಾದೆ ಇದೆ,” ಎಂದಳು ವೇದವಲ್ಲಿ. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.”

ಅರ್ಥ ಕೇಳಿ ಗುಯಿಹ್ವಾ ನಕ್ಕಳು. “ಹೂವು ಅವರ ಜುಟ್ಟಿಗೆ. ಹೊಟ್ಟೆ ನಮ್ಮದು.”

ಜುಲೈ ಇಪ್ಪತ್ತಮೂರು. ಟೋಕಿಯೊದಲ್ಲಿ ಒಲಿಂಪಿಕ್ಸ್ ಆರಂಭದ ದಿನ. ನೋಡುವವರಿಲ್ಲದ ಕ್ರೀಡಾಂಗಣಕ್ಕೆ ಪಟಾಕಿ ಸಜ್ಜಾಗಿತ್ತು. ಸಗಮಿಹಾರಾದ ಸ್ಟೇಷನ್ ಹಿಂದೆ ಕೆಲಸ ಕಳೆದುಕೊಂಡವರು ಉಚಿತ ಅಕ್ಕಿಯ ಚೀಲಕ್ಕೆ ಸಾಲು ನಿಂತಿದ್ದರು. ಗುಯಿಹ್ವಾ ಅಲ್ಲಿಂದಲೇ ಚೀಲ ಹಿಡಿದು ಬಂದಳು. ಹಸಿರು ಏಪ್ರನ್ ಕಟ್ಟಿಕೊಂಡು ಕೆಳಗಿನ ಶೌಚಾಲಯದ ಮುಂದೆ ನಿಂತು, ಫೋನನ್ನು ವೇದವಲ್ಲಿಯ ಕೈಗೆ ಕೊಟ್ಟಳು.

“ಮೊದಲಿನದೂ ನೀವೇ ತೆಗೆದದ್ದು. ಇದನ್ನೂ ನೀವೇ ತೆಗೀರಿ.”

ವಿಡಿಯೊದಲ್ಲಿ ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ನಾನು ವಿಜ್ಞಾನಿಯಲ್ಲ. ಜಾಕೆಟ್ ಗೆಳತಿಯದು. ನಾನು ಕಕ್ಕಸು ತೊಳೆಯುತ್ತೇನೆ, ಇದೇ ಆ ಕಕ್ಕಸು. ನನ್ನ ತಾಯಿಯ ಕಾರ್ಡನ್ನು ದಯವಿಟ್ಟು ಹಿಂದಿರುಗಿಸಿ. ಕೊನೆಗೆ, ಜಪಾನಿನಲ್ಲಿದ್ದು ರೂಢಿಯಾಗಿದ್ದಂತೆ, ಸೊಂಟ ಬಗ್ಗಿಸಿ ನಿಂತಳು. ಊರಿನ ಗುಂಪಿಗೆ ಹಾಕಿದಳು.

ಹತ್ತು ನಿಮಿಷಕ್ಕೆ ವಿಡಿಯೊ ಮಾಯವಾಯಿತು. ಹನ್ನೊಂದನೆಯ ನಿಮಿಷಕ್ಕೆ ಗುಂಪಿನಿಂದ ಅವಳನ್ನೂ ತೆಗೆದರು. ಊರಿನ ಪಕ್ಷದ ಕಾರ್ಯದರ್ಶಿ ನೇರವಾಗಿ ಫೋನ್ ಮಾಡಿದ. ಆ ಮನುಷ್ಯ ಬಯ್ಯಲಿಲ್ಲ. “ತಂಗೀ, ಜಪಾನಿಯರ ಥರ ಬಗ್ಗಿ ನಿಂತ ವಿಡಿಯೊನ ಹಬ್ಬದ ವರ್ಷದಲ್ಲಿ ಹಾಕ್ತೀಯಲ್ಲ. ಆ ಫೋಟೊನ ಪ್ರಾಂತ್ಯದವರು ನೋಡಿ ಹೋಗಿದ್ದಾರೆ. ಗೋಡೆಯಿಂದ ನಿನ್ನನ್ನ ಇಳಿಸಿದ್ರೆ ನಮ್ಮೆಲ್ಲರನ್ನೂ ಇಳಿಸ್ತಾರೆ.” ಆಮೇಲೆ ದನಿ ತಗ್ಗಿಸಿ, “ಮಗಳು ವಿಜ್ಞಾನಿಯಲ್ಲ ಅಂತ ನಿನ್ನ ತಾಯಿ ಬರೆದುಕೊಟ್ರೆ ಬೇರೆ ತಾಲ್ಲೂಕಿನ ಲೆಕ್ಕದಲ್ಲಿ ಕಾರ್ಡ್ ಮಾಡಿಸಿಕೊಡ್ತೀನಿ. ಸದ್ದಿಲ್ಲದೆ,” ಎಂದ.

ದಾರಿ ಸಿಕ್ಕಿತು ಎಂದುಕೊಂಡಳು ಗುಯಿಹ್ವಾ. ಆ ಸಂಜೆಯೇ ತಾಯಿಗೆ ವಿಡಿಯೊ ಕರೆ ಮಾಡಿದಳು. ವೇದವಲ್ಲಿ ಪಕ್ಕದಲ್ಲಿದ್ದಳು. ತೆರೆಯ ಮೇಲೆ ಊದಿಕೊಂಡ ಮುಖ, ಅದರ ಹಿಂದೆ ಅಧಿಕಾರಿಗಳು ಕೊಟ್ಟ ಹಣ್ಣಿನ ಬುಟ್ಟಿ. ಹಣ್ಣು ಮುಗಿದಿದ್ದರೂ ಬುಟ್ಟಿಯನ್ನು ದೇವರ ಹಾಗೆ ಇಟ್ಟಿದ್ದಳು. ತಾಯಿ ಮಗಳು ಬಹಳ ಹೊತ್ತು ಮಾತಾಡಿದರು. ಕೊನೆಕೊನೆಗೆ ಮಗಳೊಬ್ಬಳೇ ಕೂಗುತ್ತಿದ್ದಳು.

ಕರೆ ಮುಗಿದ ಮೇಲೆ ಗುಯಿಹ್ವಾ ಹೇಳಿದಳು:

“ಬರೆದುಕೊಡಲ್ಲವಂತೆ. ‘ನಿಮ್ಮಪ್ಪ ಸತ್ತಾಗ ಹೆಣ ಹೊರೋಕೆ ನಾಲ್ಕು ಜನ ಬರ್ಲಿಲ್ಲ. ಈಗ ಶಾಲೆ ಮಕ್ಕಳು ನನಗೆ ಸೆಲ್ಯೂಟ್ ಹೊಡೀತಾರೆ. ನೀನು ಕಕ್ಕಸು ತೊಳೀತೀಯ ಅಂತ ನನಗೆ ಮೊದಲೇ ಗೊತ್ತು, ನಿನ್ನ ಕೈ ನೋಡಿದ್ರೆ ಗೊತ್ತಾಗಲ್ವಾ? ಅದು ನಮ್ಮಿಬ್ಬರಲ್ಲೇ ಇರಲಿ. ವಾರಕ್ಕೊಂದು ಸಲ ಸಾಕು.’”

“ಸಾಕಾಗುತ್ತಾ?” ಎಂದಳು ವೇದವಲ್ಲಿ, ಉತ್ತರ ಗೊತ್ತಿದ್ದೂ.

ಗುಯಿಹ್ವಾ ಅಕ್ಕಿಯ ಚೀಲ ಎತ್ತಿಕೊಂಡು ಹೋದಳು.

ಸಾಕಾಗಲಿಲ್ಲ. ಡಿಸೆಂಬರಿನ ಹತ್ತರಂದು ತಾಯಿ ಸತ್ತಳು. ವಿಮಾನವಿರಲಿಲ್ಲ, ಇದ್ದಿದ್ದರೂ ಇಳಿದ ಮೇಲೆ ಮೂರು ವಾರ ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದರು. ಮಣ್ಣು ಮಾಡುವುದನ್ನು ಗುಯಿಹ್ವಾ ಕಸದ ಕೋಣೆಯಲ್ಲಿ ಡಬ್ಬದ ಮೇಲೆ ಕೂತು ಫೋನಿನಲ್ಲಿ ನೋಡಿದಳು. ಈ ಸಲ ಹೆಣ ಹೊರಲು ಜನ ಹೆಚ್ಚಾಗಿದ್ದರು. ತಾಲ್ಲೂಕು ಆಡಳಿತದ ಹೂವಿನ ಚಕ್ರ ಬಂದಿತ್ತು, ವಿಜ್ಞಾನಿ ಮಗಳ ಹೆಸರಿನಲ್ಲಿ. ದೂರದಲ್ಲಿ, ಹಗಲಿನಲ್ಲೂ, ಸಿಮೆಂಟಿನ ರಾಕೆಟ್ಟಿನ ದೀಪ ಉರಿಯುತ್ತಿತ್ತು.

ವೇದವಲ್ಲಿ ಮೂರು ದಿನ ಅವಳಿಗೆ ಅನ್ನ, ತಿಳಿಸಾರು ಮಾಡಿ ಕೊಟ್ಟಳು. ಕ್ಷಮಿಸಿ ಎನ್ನಲು ನಾಲ್ಕು ಸಲ ಬಾಯಿ ತೆರೆದಳು. ‘ಸುಮಿಮಾಸೆನ್’ ಎಂಬುದು ಆ ದೇಶದಲ್ಲಿ ಕಾಲು ತುಳಿದರೂ ಹೇಳುವ ಮಾತು. ಇದಕ್ಕೆ ಅದು ಸಾಲದೆನಿಸಿತು.

ಮತ್ತೆ ಏಪ್ರಿಲ್ ಬಂತು. ಗುಯಿಹ್ವಾಳವರಿಗೆ ಚಿಂಗ್‌ಮಿಂಗ್, ಸತ್ತವರ ಹಬ್ಬ. ಅಂದು ಕಾಗದದ ಬಟ್ಟೆ, ಕಾಗದದ ಮನೆ, ಕಾಗದದ ಹಣ ಮಾಡಿ ಸುಡುತ್ತಾರೆ. ಸುಟ್ಟದ್ದು ಸತ್ತವರಿಗೆ ತಲುಪುತ್ತದೆ. ಹಬ್ಬದ ಹಿಂದಿನ ದಿನ ಅವಳು ವೇದವಲ್ಲಿಯನ್ನು ಅದೇ ಅಂಗಳಕ್ಕೆ ಕರೆದೊಯ್ದಳು. ಹಸಿರು ಏಪ್ರನ್, ಹಸಿರು ಟೋಪಿ, ನೆಲ ಒರೆಸುವ ಕೋಲು. ಚಳಿ ನಿಜವಾಗಿಯೂ ಇತ್ತು. ವೇದವಲ್ಲಿ ಜಾಕೆಟ್ ಬಿಚ್ಚಲಿಲ್ಲ. ಫೋಟೊ ತೆಗೆದಳು.

ಮೂಲೆಯ ಕೊಂಬಿನಿ ಅಂಗಡಿಯ ಯಂತ್ರದಲ್ಲಿ ಅದನ್ನು ಅಚ್ಚು ಹಾಕಿಸಿದರು. ಮರುದಿನ ಹೊಳೆದಂಡೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಗುಯಿಹ್ವಾ ಮೊದಲು ಕಾಗದದ ಹಣ ಸುಟ್ಟಳು, ಆಮೇಲೆ ತನ್ನ ಕೈಯಲ್ಲೇ ಬಣ್ಣ ಹಾಕಿದ ಒಂದು ಕಾಗದದ ಕಾರ್ಡು. ಕೊನೆಗೆ ಫೋಟೊ.

“ಅಮ್ಮ ಬದುಕಿದ್ದಾಗ ಒಪ್ಪಲಿಲ್ಲ,” ಎಂದಳು, ಕಡ್ಡಿಯಿಂದ ಬೂದಿ ಕೆದಕುತ್ತ. “ಈಗ ಬೇರೆ ದಾರಿಯಿಲ್ಲ. ತಗೊಳ್ಳಲೇಬೇಕು.”

ಫೋಟೊದ ಕಾಗದ ದಪ್ಪವಾದ್ದರಿಂದ ತಡವಾಗಿ ಹೊತ್ತಿತು. ರಾಕೆಟ್ ಮೊದಲು ಸುರುಟಿಕೊಂಡಿತು. ಹಸಿರು ಏಪ್ರನ್ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತು.