ಚುಕ್ಕಿಗಳ ಹಿಂದಿನ ಹೆಸರು

ನನಗೆ ನಮ್ಮ ಕಚೇರಿಯ ಎಲ್ಲರ ದನಿ ತೆಗೆಯಲೂ ಬರುತ್ತದೆ. ಮ್ಯಾನೇಜರರ ದನಿಯಲ್ಲಿ ಫೋನೆತ್ತಿದಾಗ ಅವರ ಹೆಂಡತಿಯೇ ಎರಡು ಸಲ ಬದನೆಕಾಯಿ ತರಲು ಹೇಳಿ ಫೋನ್ ಇಟ್ಟಿದ್ದಾರೆ. ಹೀಗೆ ಯಾರು ಬೇಕಾದರೂ ಆಗಬಲ್ಲ ನಾನು, ಒಮ್ಮೆ ನಾನು ನಾನೇ ಎಂದು ಸಾಬೀತು ಮಾಡಲಾಗದೆ ಅರ್ಧ ದಿನ ಕೂತಿದ್ದೆ. ನಂಬದೇ ಇದ್ದದ್ದು ಸರ್ವರ್.

ಅಣ್ಣಿಗೇರಿಯಲ್ಲಿ ರೈತರ ಕಡಲೆ ತೂಗಿ ಗೋದಾಮಿಗೆ ಹಾಕುವ ಒಂದು ಸಂಘದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ನೋಡಿಕೊಳ್ಳುವುದೆಂದರೆ ಹೆಚ್ಚಾಗಿ ನೋಡುತ್ತಾ ಕೂರುವುದು. ಉಳಿದ ಹೊತ್ತಿನಲ್ಲಿ ಪಾಸ್‌ವರ್ಡ್ ಬಗ್ಗೆ ಉಪನ್ಯಾಸ ಕೊಡುತ್ತೇನೆ. ಹೆಂಡತಿಯ ಹೆಸರು ಬೇಡ, ಎತ್ತಿನ ಹೆಸರು ಬೇಡ, ಎಲ್ಲಿಯೂ ಬರೆದಿಡಬೇಡಿ. ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ, ನನ್ನದನ್ನು ಎಷ್ಟು ಬಿಗಿಯಾಗಿ ಮಾಡಿದೆನೆಂದರೆ ಮರುದಿನ ನನಗೇ ನೆನಪಾಗಲಿಲ್ಲ.

ಅದೇ ದಿನ ಟೋಕನ್ ಕೌಂಟರಿನ ಲಾಗಿನ್ ಲಾಕ್ ಆಯಿತು. ಹಳೆಯ ಪಾಸ್‌ವರ್ಡಿನ ಅವಧಿ ಮುಗಿದದ್ದು ತಿಳಿಯದೆ ಅಲ್ಲಿನವರು ಅದನ್ನೇ ಐದು ಸಲ ಒತ್ತಿದ್ದರು, ಕೊನೆಯ ಸಲ ಸ್ವಲ್ಪ ಜೋರಾಗಿ. ಬಿಚ್ಚುವ ಅಧಿಕಾರ ಇದ್ದದ್ದು ಇಬ್ಬರಿಗೆ: ನನಗೆ ಮತ್ತು ಹಿರಿಯ ಗುಮಾಸ್ತೆ ಗಿರಿಜಕ್ಕನಿಗೆ. ನಾನು ನೆಟ್‌ವರ್ಕ್ ಕೇಬಲ್ ಕಿತ್ತು, ಊದಿ, ಮತ್ತೆ ಹಾಕಿದೆ. ಕ್ಯಾಪ್ಸ್ ಲಾಕ್ ನೋಡಿದೆ. ಕೊನೆಗೆ ಅಂದಾಜಿನ ಮೇಲೆ ನನ್ನ ಪಾಸ್‌ವರ್ಡ್ ಹೊಡೆದು ಹೊಡೆದು ನಾನೂ ಲಾಕ್ ಆದೆ. ಹಿಂದೆ ಕೋಟೆಯ ಬಾಗಿಲಲ್ಲಿ ಗುರುತಿನ ಮಾತು ಮರೆತವನ ತಲೆ ಹೋಗುತ್ತಿತ್ತಂತೆ. ಈಗ ತಲೆ ಉಳಿಯುತ್ತದೆ. ಅದರೊಳಗೆ ಏನೂ ಇಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ, ಅಷ್ಟೇ.

ಹೊರಗೆ ಕಡಲೆ ಚೀಲ ಹೇರಿದ ಟ್ರ್ಯಾಕ್ಟರುಗಳ ಸಾಲು, ಮೇಲೆ ಕಪ್ಪು ಮೋಡ. ಟೋಕನ್ ಇಲ್ಲದೆ ತೂಕವಿಲ್ಲ, ತೂಕವಿಲ್ಲದೆ ಚೀಲ ಗೋದಾಮಿನೊಳಗೆ ಹೋಗುವಂತಿಲ್ಲ. ನೆನೆದ ಕಡಲೆಯನ್ನು ಯಾರೂ ಮುಟ್ಟುವುದಿಲ್ಲ. ಸಾಲಿನ ಮೊದಲಿಗೆ ನಿಂತಿದ್ದ ಈರಪ್ಪ ಕಾಕಾ ಕಿಟಕಿಯಲ್ಲಿ ಇಣುಕಿದರು.

"ಎಲ್ಲಾರ ದನಿ ತಗೀತಿಯಲ್ಲೋ ತಮ್ಮಾ, ಆ ಮಷೀನಿನ ದನಿ ತಗದು ನೀನ ಹೂಂ ಅಂದುಬಿಡು."

ಗಿರಿಜಕ್ಕ ರಜೆ ಹಾಕಿ ಕುಬಿಹಾಳಕ್ಕೆ, ಬಸುರಿಯಾಗಿದ್ದ ತಮ್ಮನ ಮಗಳ ಕುಬಸದ ಶಾಸ್ತ್ರಕ್ಕೆ ಹೋಗಿದ್ದರು. ಎರಡೂ ಕೈ ಕೀಬೋರ್ಡಿನ ಮೇಲಿರಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಪಾಸ್‌ವರ್ಡ್ ಕೇಳಿದೆ. ಆ ಕಡೆ ಗಿರಿಜಕ್ಕ ದನಿ ತಗ್ಗಿಸಿದರು.

"ಅದು ನಮ್ಮ ಮನಿಯವರ ಹೆಸರೋ ತಮ್ಮಾ. ನಾ ಹೆಂಗ ಹೇಳ್ಲಿ?"

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಆ ಹೆಸರನ್ನು ಬಾಯಲ್ಲಿ ತಂದವರಲ್ಲ. ನಮಗೂ ಅವರ ಯಜಮಾನರು ಬರೀ 'ಮಾಸ್ತರು'. ಬರೆದು ಕಳಿಸಿ ಎಂದರೆ ಕೈತುಂಬ ಅರಿಷಿಣವಂತೆ. ದಿನಾ ಟೈಪ್ ಮಾಡುತ್ತೀರಲ್ಲ ಎಂದೆ.

"ಮಷೀನು ಚುಕ್ಕಿ ಹಾಕಿ ಮುಚ್ಚತೈತಿ. ನೀ ಮುಚ್ಚತೀ ಏನು?"

ನನ್ನ ಬಾಯಿಯ ಕೀರ್ತಿ ನನಗೂ ಗೊತ್ತಿತ್ತು. ಹೊರಗೆ ಒಂದು ಹನಿ ಬಿತ್ತು. ಈರಪ್ಪ ಕಾಕಾ ಫೋನಿನತ್ತ ಬಾಗಿ, "ತಂಗೀ, ಕಡ್ಲಿ ತೊಯ್ತೈತಿ" ಎಂದಷ್ಟೇ ಹೇಳಿದರು.

ಕುಬಸದ ಮನೆಯ ಹೆಂಗಸರು ಇದನ್ನು ಕೇಳಿಸಿಕೊಂಡು, ಒಡಪು ಹಾಕಿ ಹೇಳೆಂದು ಗಿರಿಜಕ್ಕನ ಬೆನ್ನು ಹತ್ತಿದರು. ಗಂಡನ ಹೆಸರನ್ನಾಗಲಿ ಹೆಂಡತಿಯ ಹೆಸರನ್ನಾಗಲಿ ನಾಲ್ಕು ಸಾಲಿನ ಪ್ರಾಸದಲ್ಲಿ ಕೂರಿಸಿದರೆ ನಮ್ಮ ಕಡೆ ತಪ್ಪಲ್ಲ. ಗಿರಿಜಕ್ಕ ಗಂಟಲು ಸರಿಮಾಡಿಕೊಂಡರು.

"ಕಡ್ಲಿ ಚೀಲದ ಮ್ಯಾಲ ಮೋಡ ಕವದೈತಪ್ಪ,
ಕದ ತಗೀವಲ್ದು ಮಷೀನು, ಕೀಲಿ ಬಿದ್ದೈತಪ್ಪ,
ಕೂಗಿ ಕೇಳೂ ತಮ್ಮಾ, ಕಿವಿಗೊಟ್ಟು ಕೇಳಪ್ಪ,
ಕೀಲಿಕೈ ನನ್ನವರು, ಹೆಸರು ಚನ್ನಬಸಪ್ಪ."

ಅದರ ಮುಂದೆ ಮದುವೆಯಾದ ಇಸವಿ. ಅದನ್ನು ಹೇಳಲು ಯಾವ ಸಂಕೋಚವೂ ಇರಲಿಲ್ಲ. ಮೊದಲ ಸಲಕ್ಕೇ ತೆರೆಯಿತು. ಕೌಂಟರನ್ನು ಬಿಚ್ಚಿದೆ, ನನ್ನನ್ನೂ ಬಿಚ್ಚಿಕೊಂಡೆ. ಮಳೆ ಹಿಡಿಯುವ ಹೊತ್ತಿಗೆ ಕೊನೆಯ ಚೀಲ ಒಳಗಿತ್ತು.

ಹೊರಗೆ ಬಿದ್ದ ಪಾಸ್‌ವರ್ಡನ್ನು ಬದಲಿಸಲೇಬೇಕೆಂಬುದು ನಾನೇ ಮಾಡಿದ ನಿಯಮ. ಮರುದಿನ ಗಿರಿಜಕ್ಕ ಹೊಸದು ಹಾಕಿದರು. ಯಾವುದೆಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನೂ ನನ್ನದನ್ನು ಬದಲಿಸಿದೆ. ಈ ಸಲ ಉಪನ್ಯಾಸವನ್ನು ಬದಿಗಿಟ್ಟು, ಬಮ್ಮಿಗಟ್ಟಿ ಊರಿನ ಒಂದು ಹೆಸರು ಹಾಕಿದೆ. ಅದನ್ನು ಇನ್ನೂ ಯಾರೆದುರೂ ಹೇಳಿಲ್ಲ, ಆ ಹೆಸರಿನವಳ ಎದುರೂ. ಯಾರ ದನಿಯಲ್ಲಿ ಪ್ರಯತ್ನಿಸಿದರೂ ಹೊರಗೆ ಬರುವುದಿಲ್ಲ.

ನಾನು ಅದನ್ನು ಒತ್ತುವಾಗ ಪರದೆಯ ಮೇಲೆ ಸಾಲಾಗಿ ಬೀಳುತ್ತಿದ್ದ ಚುಕ್ಕಿಗಳನ್ನು ನೋಡುತ್ತ ಗಿರಿಜಕ್ಕ, ಇದನ್ನೂ ಮರೆಯುತ್ತೀಯೇನು ಎಂದು ಕೇಳಿದರು. ಮರೆಯುವಂಥದ್ದಲ್ಲ ಎಂದೆ. ಅವರು ಚುಕ್ಕಿ ಬಿಟ್ಟು ನನ್ನ ಮುಖ ನೋಡಿದರು.

"ಹಂಗಾರ ಈಗಿಂದನ ಒಂದು ಒಡಪು ಕಟ್ಟಿಟ್ಟುಕೋ."