ದನಿಯಿಲ್ಲದ ಮಗ್ಗಿ

ಹಿತ್ತಲಿನ ತಂತಿಬೇಲಿಗೆ ಹಬ್ಬಿದ ತೊಂಡೆ ಬಳ್ಳಿಯನ್ನು ಮೊನ್ನೆ ಸವರುತ್ತಿದ್ದಾಗ ಅಂಗೈಯಲ್ಲಿ ಒಂದೆರಡು ಎಲೆ ಜಜ್ಜಿಹೋದವು. ಆ ಹಸಿ ಒಗರು ವಾಸನೆ ಮೂಗಿಗೆ ಬಂದದ್ದೇ ತಡ, ಚಾಮರಾಜಪೇಟೆಯ ಪ್ರೈಮರಿ ಶಾಲೆಯ ಮೂರನೆಯ ಕ್ಲಾಸಿನಲ್ಲಿದ್ದೆ. ಸ್ಲೇಟು ಕಪ್ಪಗಾಗಲೆಂದು ಆಗ ಇದ್ದಿಲಿನ ಜೊತೆ ತೊಂಡೆ ಎಲೆ ಉಜ್ಜುತ್ತಿದ್ದೆವು. ಆ ಮಸಿ ಉಗುರಿನ ಸಂದಿಯಿಂದ ರಕ್ತಕ್ಕಿಳಿದು ನಾನು ಸತ್ತೇಹೋಗುತ್ತೇನೆಂದು ನನಗೆ ಭಯ. ಈಗ ತಲೆ ಅರ್ಧ ನೆರೆತಿದೆ. ಭಯಗಳು ಬದಲಾಗಿವೆ, ಭಯಪಡುವ ಕ್ರಮ ಮಾತ್ರ ಹಾಗೇ ಇದೆ.

ನಮ್ಮ ಮೇಷ್ಟ್ರದು ಕಚ್ಚೆಪಂಚೆ, ಮೊಣಕೈಗೆ ತೇಪೆ ಹಾಕಿದ ಕರೀ ಕೋಟು, ಮೂಗಿನ ತುದಿಯಲ್ಲೇ ಸಿಟ್ಟು. ಸೀಮೆಸುಣ್ಣದ ತುಂಡು ಎಸೆದರೆ ಗುರಿಯಿಟ್ಟವರಿಗೆ ಎಂದೂ ತಗಲುತ್ತಿರಲಿಲ್ಲ, ಪಕ್ಕದವರಿಗೆ ತಗಲುತ್ತಿತ್ತು. ಆ ಪಕ್ಕದವಳು ಸಾಮಾನ್ಯವಾಗಿ ನಾನೇ ಆಗಿರುತ್ತಿದ್ದೆ. ಅವರನ್ನು ಕಂಡು ಒಳ್ಳೆಯವರು ಅಂತ ಯಾರೂ ಅಂದುಕೊಳ್ಳುವ ಹಾಗಿರಲಿಲ್ಲ...

ಆ ವರ್ಷ ತರಗುಪೇಟೆಯ ಬೇಳೆ ದಲ್ಲಾಳಿಯೊಬ್ಬರು ತಮ್ಮ ಮಗಳನ್ನು ತಂದು ನಮ್ಮ ಕ್ಲಾಸಿಗೆ ಸೇರಿಸಿದರು. ಹಣೆಯಲ್ಲಿ ವಿಭೂತಿ, ಎರಡು ಬಿಗಿ ಜಡೆ, ಎಲ್ಲರ ಬಾಯನ್ನೂ ನೋಡುವ ದೊಡ್ಡ ಕಣ್ಣು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಮಾತೂ ಬಾರದು. ಬೇರೆ ಶಾಲೆಗಳವರು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದರಂತೆ. ನಮ್ಮ ಹೆಡ್‌ಮಾಸ್ಟರು ಒಂದು ಷರತ್ತು ಹಾಕಿದರು: ಇನ್‌ಸ್ಪೆಕ್ಟರು ಬಂದ ದಿನ ಅವಳೂ ಎಲ್ಲರಂತೆ ಮಗ್ಗಿ ಒಪ್ಪಿಸಬೇಕು, ಇಲ್ಲವಾದರೆ ಮನೆಗೆ. ಮಾತೇ ಬಾರದವಳು ಮಗ್ಗಿ ಒಪ್ಪಿಸುವುದು ಹೇಗೆಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಅವಳನ್ನು ಕೂರಿಸಿದ್ದು ನನ್ನ ಪಕ್ಕದಲ್ಲಿ. ಮನೆಯಲ್ಲಿ ಹೇಳಿದೆ. "ಅವಳ ಪಕ್ಕ ಕೂತ್ರೆ ನಿಂಗೂ ಕಿವಿ ಹೋಗತ್ತೆ ಕಣೇ" ಎಂದರು ಅಜ್ಜಿ. ಅಂದಿನಿಂದ ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ಹಾಲಿನವನ ಕೂಗಿಗೆ ಕಾಯುತ್ತಿದ್ದೆ. ಅವನು ತಡಮಾಡಿದ ದಿನ ನನ್ನ ಕಿವಿ ಹೋಯಿತೆಂದೇ ಅಳು.

ಸಂಜೆ ಶಾಲೆ ಬಿಡುವ ಮುಂಚೆ ಎಲ್ಲರೂ ಎದ್ದು ನಿಂತು ಬೀದಿಗೆಲ್ಲ ಕೇಳುವಂತೆ ಮಗ್ಗಿ ಕೂಗುವುದು ಆಗಿನ ಪದ್ಧತಿ. ಅವಳೂ ನಿಂತು ನಮ್ಮ ಹಾಗೆಯೇ ಬಾಯಿ ತೆರೆದು ಮುಚ್ಚುತ್ತಿದ್ದಳು. ಮೇಷ್ಟ್ರು ಅದನ್ನು ನೋಡುತ್ತಿದ್ದರು, ನೋಡಿ ಇನ್ನಷ್ಟು ಸಿಡುಕುತ್ತಿದ್ದರು. ಅದು ಸಂಕಟದ ಸಿಡುಕೆಂದು ಆಗ ನನಗೆ ತಿಳಿಯಲಿಲ್ಲ.

ಒಂದು ಸಂಜೆ ಅವಳಪ್ಪ ಕರೆದೊಯ್ಯಲು ಬಂದವರು ಗೇಟಿನಲ್ಲಿ ನಿಂತು, ಹೆಗಲ ಮೇಲಿನ ಟವಲನ್ನು ಇಬ್ಬರ ಕೈಗಳ ಮೇಲೂ ಹೊದಿಸಿ, ಅದರಡಿ ಮಗಳ ಬೆರಳುಗಳನ್ನು ಒತ್ತಿದರು. ಅವಳು ಕಿಸಕ್ಕನೆ ನಕ್ಕಳು. ಪೇಟೆಯಲ್ಲಿ ದಲ್ಲಾಳಿಗಳು ಮೂರನೆಯವರಿಗೆ ತಿಳಿಯದಂತೆ ಹೀಗೆ ಬಟ್ಟೆಯಡಿ ಬೆರಳು ಹಿಡಿದೇ ಧಾರಣೆ ಕುದುರಿಸುತ್ತಿದ್ದರು. ಮೇಷ್ಟ್ರು ಮೆಟ್ಟಿಲಿಳಿದು ಬಂದರು.

"ಏನ್ರೀ ಹೇಳಿದ್ರಿ ಮಗೂಗೆ?"

"ಇವತ್ತಿನ ತೊಗರಿಬೇಳೆ ರೇಟು ಸ್ವಾಮಿ. ದಿನಾ ಹೇಳ್ತೀನಿ. ಜಾಸ್ತಿ ಆದ್ರೆ ನಗ್ತಾಳೆ. ವ್ಯಾಪಾರದೋರ ಮಗಳಲ್ವೇ."

ಮಾರನೆಯ ದಿನದಿಂದ ನಮ್ಮ ಮಗ್ಗಿ ಕೈಗೆ ಇಳಿಯಿತು. ಟವಲಿನಡಿ ಇದ್ದದ್ದನ್ನು ಮೇಷ್ಟ್ರು ಬಯಲಿಗೆ ತಂದು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರು. ಎಡಗೈ ಹತ್ತಕ್ಕೆ, ಬಲಗೈ ಬಿಡಿಗೆ, ಐದು ದಾಟಿದರೆ ಹಸ್ತ ಮಗುಚಬೇಕು. ಬಾಯಿ ಓಡಿದರೆ ಕೈ ಹಿಂದೆ ಬೀಳುತ್ತದೆಂದು ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟರು. ಸಂಜೆ ಬೀದಿಗೆ ನಮ್ಮ ಸದ್ದು ಕೇಳದಾಯಿತು. ಕೆಲವು ತಂದೆಯರು ಬಂದು, ಅವಳೊಬ್ಬಳಿಗೋಸ್ಕರ ನಮ್ಮ ಮಕ್ಕಳೆಲ್ಲ ಮೂಗರಾಗಬೇಕೇನು ಎಂದು ಜಗಳಕ್ಕೆ ನಿಂತರು. ನಮ್ಮಪ್ಪನೂ ಹೋಗಿದ್ದರು, ಹಿಂದಿನ ಸಾಲಿನಲ್ಲಿ, ನನ್ನ ಅಪ್ಪನಲ್ಲವೇ. ಮೇಷ್ಟ್ರು ಹೇಳಿದ್ದು ಇಷ್ಟೇ: "ಅವಳೊಬ್ಬಳೇ ಕೈಯಾಡಿಸಿದ್ರೆ ಎಲ್ರೂ ಅವಳನ್ನ ನೋಡ್ತಾರೆ. ಎಲ್ರೂ ಆಡಿಸಿದ್ರೆ ಯಾರನ್ನ ನೋಡ್ತಾರೆ ಹೇಳಿ?"

ಇನ್‌ಸ್ಪೆಕ್ಟರು ಬಂದರು. ಜರಿ ಪೇಟ, ಉದ್ದನೆಯ ಕೋಟು, ಹಿಂದೆ ಬೆವರುತ್ತಿದ್ದ ಹೆಡ್‌ಮಾಸ್ಟರು. ಅವರ ಮುಂದೆ ಬಾಯಲ್ಲೂ ಹೇಳಿ, ಕೈಯಲ್ಲೂ ತೋರಿಸಬೇಕೆಂದು ಮೇಷ್ಟ್ರು ನಮಗೆ ಸಾರಿ ಸಾರಿ ಹೇಳಿದ್ದರು. ಏಳರ ಮಗ್ಗಿ ಎಂದರು ಇನ್‌ಸ್ಪೆಕ್ಟರು. ಎದ್ದು ನಿಂತೆವು. ಹೆದರಿಕೆಗೋ, ಅಭ್ಯಾಸಬಲಕ್ಕೋ, ಒಬ್ಬರ ಗಂಟಲಿಂದಲೂ ದನಿ ಹೊರಡಲಿಲ್ಲ. ಕೈಗಳು ಮಾತ್ರ ಏರಿದವು, ಮಗುಚಿದವು, ಇಳಿದವು. ಏಳು ಹತ್ತಲ ಎಪ್ಪತ್ತರವರೆಗೆ ಹೋಗಿ ನಿಂತವು. ಕೋಣೆಯಲ್ಲಿ ಬಳೆಗಳ ಸದ್ದು ಬಿಟ್ಟರೆ ಏನೂ ಇಲ್ಲ.

"ಏನ್ರೀ ಇದು?" ಎಂದರು ಇನ್‌ಸ್ಪೆಕ್ಟರು. ಹೆಡ್‌ಮಾಸ್ಟರು ತಡವರಿಸುತ್ತ, ಕ್ಲಾಸಿನಲ್ಲಿ ಒಂದು ಕಿವುಡು ಹುಡುಗಿ ಇದೆ, ನಾಳೆಯೇ ಕಳಿಸಿಬಿಡುತ್ತೇವೆ ಎಂದರು. ಯಾರವಳು ಎಂದು ಇನ್‌ಸ್ಪೆಕ್ಟರು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು. ಯಾರೂ ಬೆರಳು ತೋರಲಿಲ್ಲ. ಮೇಷ್ಟ್ರೂ ತೋರಲಿಲ್ಲ. ಕೊನೆಗೆ ತುಟಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ ಒಬ್ಬಳ ಹತ್ತಿರ ಇನ್‌ಸ್ಪೆಕ್ಟರೇ ಬಂದು, "ಪಾಪ, ಇವಳೇ ಅಲ್ವೇ?" ಎಂದರು.

ಆ ಒಬ್ಬಳು ನಾನು.

ಅಲ್ಲ ಎನ್ನಲು ಬಾಯಿ ತೆರೆದೆ, ದನಿ ಬರಲಿಲ್ಲ. ಅಜ್ಜಿ ಹೇಳಿದ್ದು ಆಗೇಹೋಯಿತು ಎಂದುಕೊಂಡೆ. ಮೇಷ್ಟ್ರು ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. "ಅವಳಿಗೆ ಕಿವಿ ಚೆನ್ನಾಗೇ ಕೇಳತ್ತೆ ಸಾರ್, ಧೈರ್ಯ ಒಂದಿಲ್ಲ. ಮಗ್ಗಿ ಬರತ್ತೆ. ಎಲ್ರಿಗೂ ಬರತ್ತೆ."

ಇನ್‌ಸ್ಪೆಕ್ಟರು ಇನ್ನೊಮ್ಮೆ ಸಾಲನ್ನು ನೋಡಿದರು. ಅವಳು ಯಾರೆಂದು ಮತ್ತೆ ಕೇಳಲಿಲ್ಲ. ಇರಲಿ ಬಿಡಿ ಎಂದು ಹೆಡ್‌ಮಾಸ್ಟರಿಗೆ ಹೇಳಿ ಹೊರಟುಹೋದರು.

ಅವಳು ಉಳಿದಳು. ಮರುವರ್ಷ ಮೇಷ್ಟ್ರು ಹಟಮಾಡಿ ನಮ್ಮ ಜೊತೆಗೇ ನಾಲ್ಕನೆಯ ಕ್ಲಾಸಿಗೆ ಬಂದರು. ಇಷ್ಟು ವರ್ಷದ ಮೇಲೆ ಮೂರನೆಯದು ಪಾಸು ಮಾಡಿದರೆಂದು ಉಳಿದ ಮೇಷ್ಟ್ರುಗಳು ಅವರನ್ನು ಹಾಸ್ಯಮಾಡಿದರು. ಆದರೆ ಅಲ್ಲಿಂದಾಚೆಗೆ ಮಿಡ್ಲ್‌ಸ್ಕೂಲು, ಬೇರೆ ಕಟ್ಟಡ, ಬೇರೆ ಜನ. ಅಲ್ಲಿಗೆ ಅವರು ಬರುವ ಹಾಗಿರಲಿಲ್ಲ. ಅವಳು ಕೆಲವು ದಿನ ಬಂದಳು, ಮೊದಲಿನ ಹಾಗೆ ಬಾಯಿ ತೆರೆದು ಮುಚ್ಚಿದಳು, ಆಮೇಲೆ ಬರಲಿಲ್ಲ... ಮದುವೆಯಾಗಿ ದಾವಣಗೆರೆ ಕಡೆ ಹೋದಳೆಂದು ಎಂದೋ ಕೇಳಿದೆ.

ಮೇಷ್ಟ್ರು ಹೋಗಿಬಿಟ್ಟರೆಂಬ ಸುದ್ದಿ ನನಗೆ ತಿಳಿದದ್ದು ಬಹಳ ತಡವಾಗಿ, ಬಸವನಗುಡಿಯ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ. ಪಾಯಸ ಎಲೆಯಲ್ಲೇ ಉಳಿಯಿತು. ಅಂದಿನಿಂದ ನನ್ನ ಚಿಂತೆಗಳಿಗೆ ಇನ್ನೊಂದು ಸೇರಿದೆ: ಅವಳಿಗೆ ಇದನ್ನು ಯಾರಾದರೂ ತಿಳಿಸಿದರೇ? ಅವಳೇನಾದರೂ ನನ್ನೆದುರು ಬಂದು ನಿಂತರೆ, ನಾನು ಹೇಗೆ ತಿಳಿಸಲಿ? ಎಪ್ಪತ್ತರವರೆಗೂ ಅಲ್ಲ, ನೂರರವರೆಗೂ ಕೈಯಲ್ಲಿ ಹೇಳಬಲ್ಲೆ. ಮೇಷ್ಟ್ರು ಇಲ್ಲ ಎನ್ನುವುದಕ್ಕೆ ಕೈಯನ್ನು ಹೇಗೆ ಮಗುಚಬೇಕೆಂದು ಅವರು ನಮಗೆ ಕಲಿಸಿರಲಿಲ್ಲ.