ಶಾರದಕ್ಕನ ಥೋರಿಯಂ ಪೊರೆ

ಕಳೆದ ವಾರ ಸಾಗರದ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಾಗ ಆ ವಾಸನೆಗೆ ಎದೆ ಧಸಕ್ಕೆಂದಿತು. "ಸೂಜಿಗೆ ಹೆದ್ರಿಕೆಯಾ ಸಾರ್?" ಎಂದು ಆಕೆ ನಕ್ಕರು. ಹೌದೆಂದೆ. ಐವತ್ತು ದಾಟಿದವನಿಗೆ ಹಾಗೆ ಒಪ್ಪಿಕೊಳ್ಳುವುದು ನಿಜ ಹೇಳುವುದಕ್ಕಿಂತ ಸುಲಭ.

ಅದು ಶಾರದಕ್ಕನ ಕೋಣೆಯ ವಾಸನೆ. ತೀರ್ಥಹಳ್ಳಿ ಕಡೆಯ ಶಾರದಕ್ಕ, ದೂರದೂರಿನ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ ಕಲಿಸಿದವರು. ಪರಮಾಣುವಿನ ಒಳಗನ್ನು ಅರಿಯಲು ವಿಜ್ಞಾನಿಗಳು ಯಂತ್ರದಿಂದ ಕಣಗಳನ್ನು ಹಾರಿಸುತ್ತಾರಲ್ಲ, ಅವು ಹೋಗಿ ಬಡಿಯಬೇಕಾದ ಥೋರಿಯಂ ಪೊರೆಯನ್ನು ಮಾಡುವುದು ನಮ್ಮ ಪಾಲಿನ ಕೆಲಸ. ಅದರೆದುರು ಹಾಲಿನ ಕೆನೆ ಕಂಬಳಿ ಎನ್ನಬೇಕು! ಸ್ಪಿರಿಟ್ಟಿನಲ್ಲಿ ಒರೆಸಿದ ಗಾಜಿನ ಮೇಲೆ ಇಂಗಾಲದ ಪೊರೆ ಕೂರಿಸಿ, ಅದನ್ನು ನೀರಿನಲ್ಲಿ ತೇಲಿಬಿಟ್ಟು, ಉಂಗುರದಂಥ ಚೌಕಟ್ಟಿನಲ್ಲಿ ಎತ್ತಿಕೊಳ್ಳಬೇಕು. ಆಮೇಲೆ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅದರ ಮೇಲೆ ಥೋರಿಯಂ ಆವಿ ಹಿಡಿಸಬೇಕು. ನಾನು ಎತ್ತಿದ್ದೆಲ್ಲ ಹರಿಯುತ್ತಿತ್ತು. "ಎಂತ ಮಾರಾಯ, ಎಮ್ಮೆ ಎಬ್ಬಿಸ್ದಂಗೆ ಎಬ್ಬಿಸ್ತೀಯಲ್ಲ!" ಎನ್ನುತ್ತಿದ್ದರು.

ಅವರ ನಿವೃತ್ತಿಗೆ ಮೂರು ವರ್ಷವಿರುವಾಗ ಬಲಗೈ ಸಣ್ಣಗೆ ನಡುಗತೊಡಗಿತು. ಪೊರೆ ಎತ್ತುವಾಗ ಮಾತ್ರ, ಅದು ಹೇಗೋ, ನಿಲ್ಲುತ್ತಿತ್ತು. ಯಾರಿಗೂ ಹೇಳಬೇಡವೆಂದು ನನ್ನನ್ನು ಕೇಳಿಕೊಂಡಿದ್ದರು. ನಾನು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ಒಂದು ಮಧ್ಯಾಹ್ನ, ಅಕ್ಕ ಕೋಣೆಯಲ್ಲಿಲ್ಲದಾಗ, ಕ್ಯಾಂಟೀನಿನಲ್ಲಿ ವಡೆ ಮುಗಿದೀತೆಂಬ ಅವಸರದಲ್ಲಿ, ಪೆಟ್ಟಿಗೆಗೆ ಗಾಳಿ ಬಿಡುವ ತಿರುಪನ್ನು ಒಮ್ಮೆಲೇ ತಿರುಗಿಸಿಬಿಟ್ಟೆ. ಗಾಳಿ ನುಗ್ಗಿ, ಅಕ್ಕ ಕೂರಿಸಿದ್ದ ಪೊರೆ ಚೂರಾಯಿತು. ಪೆಟ್ಟಿಗೆಯ ತುಂಬ ವಿಕಿರಣ ಸೂಸುವ ಪುಡಿ; ಶುಚಿ ಮಾಡಲು ವಾರ ಹಿಡಿಯಿತು, ಪ್ರಯೋಗ ನಿಂತಿತು. ಮೇಲಧಿಕಾರಿ ಬಂದವರು ಮೊದಲು ನೋಡಿದ್ದು, ಗಾಬರಿಗೆ ಎಲ್ಲರೆದುರೇ ನಡುಗುತ್ತಿದ್ದ ಶಾರದಕ್ಕನ ಕೈಯನ್ನು.

"ನೀವು ಕೂರಿಸುವಾಗಲೇ ಹರಿದಿರಬೇಕು."

"ಇರಬಹುದು ಸಾರ್," ಎಂದರು ಅಕ್ಕ.

ನಾನು ಪಕ್ಕದಲ್ಲೇ ನಿಂತಿದ್ದೆ. ಮರುವಾರ ಅವರನ್ನು ಕಡತಗಳ ವಿಭಾಗಕ್ಕೆ ಹಾಕಿದರು. ನಾನೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಸಾಗರಕ್ಕೆ ಬಂದು ಮಕ್ಕಳಿಗೆ ಪಾಠ ಹೇಳತೊಡಗಿದೆ.

ಕಳೆದ ವಾರ ಆ ಕ್ಲಿನಿಕ್ಕಿನಿಂದ ಮನೆಗೆ ಹೋಗದೆ ಹೊಸನಗರದ ಬಸ್ಸು ಹತ್ತಿದೆ. ಅಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು ಶಾರದಕ್ಕ. ಈಗ ಅವರ ಎರಡೂ ಕೈ ನಡುಗುತ್ತಿದ್ದವು. ಕೂತು ಎಲ್ಲವನ್ನೂ ಹೇಳಿದೆ. "ಹೋಗ್ಲಿ ಬಿಡೋ" ಎನ್ನುತ್ತಾರೆಂದು ಕಾದಿದ್ದೆ ನೋಡಿ, ಎಂಥ ಆಸೆ!

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅವತ್ತಿಂದ ನನ್ ಕೈನ ನಾನೇ ನಂಬ್ಲಿಲ್ಲ ಕಣೋ. ದೇವ್ರಿಗೆ ದೀಪ ಹಚ್ಚೋಕೂ ತಂಗೀನ ಕರೀತಿದ್ದೆ."

ಕಾಲಿಗೆ ಬಗ್ಗಿದೆ, ಅವರು ಕಾಲು ಹಿಂದಕ್ಕೆಳೆದುಕೊಂಡರು.

"ತಂಗಿ ಒಳಗಿದ್ದಾಳೆ, ಕರಿ. ಅವಳೆದ್ರಿಗೂ ಹೇಳು."

ಕರೆದೆ. ಹೇಳಿದೆ. ಈಗ ನಿಮ್ಮೆದುರೂ.